ತೇವ ಅಳೆಯುವವನ ಮನೆ

ನನ್ನ ಕೆಲಸ ಇಷ್ಟೇ: ಎರಡು ಸೂಜಿಯ ಮೀಟರನ್ನು
ಕಂಡವರ ಸೌದೆಗೆ ಚುಚ್ಚಿ ಅಂಕಿ ಓದುವುದು.
ಇಪ್ಪತ್ತರೊಳಗಿದ್ದರೆ ಉರಿಸಿ, ದಾಟಿದರೆ ಕಾಯಿರಿ.
ಚಿಲೋಯೆ ದ್ವೀಪದ ಈ ಕೆಮ್ಚಿಯಲ್ಲಿ
ಕಾಯುವುದೆಂದರೆ ಏನು, ನೀವೇ ಹೇಳಿ.
ಬೇಸಿಗೆ ಬರುತ್ತದೆ ಜನವರಿಯಲ್ಲಿ, ದೂರದ ನೆಂಟನ ಹಾಗೆ,
ಚಪ್ಪಲಿ ಕೂಡ ಬಿಡದೆ ಹೊರಟುಬಿಡುತ್ತದೆ.

ಬಾಲ್ದೋಮೆರೊ ಮಾರುವ ಕಟ್ಟಿಗೆ: ಮೂವತ್ತೆಂಟು.
"ಈ ಮರ ಇನ್ನೂ ಕುಡಿಯುತ್ತಿದೆ ಮಾರಾಯ," ಅಂದೆ.
"ನಾನೂ," ಅಂದ, ಲೋಟ ಎತ್ತಿ.

ಇಂಥ ನನ್ನ ಮನೆಯ ಒಲೆಯೇ ಅಕ್ಟೋಬರಿನಲ್ಲಿ
ತಳ ಸೀಳಿಕೊಂಡು ನೆಲಕ್ಕೆ ಕೆಂಡ ಉದುರಿಸಿತು.
ಹೊಸದೇನು ತರುವುದು ಎಂದು ಎದುವಿನಾ
ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು ಕೂತಳು.

ಮತ್ತೆ ಸೌದೆಯೇ? ಬೆಸುಗೆ ಹಾಕಿದರೆ ಇನ್ನೂ ಹತ್ತು ವರ್ಷ
ಅನ್ನುತ್ತಾನೆ ಕಮ್ಮಾರ. ಆದರೆ ಆ ಹೊಗೆಗೆ
ರಾತ್ರಿಯೆಲ್ಲ ಸೀಟಿ ಹೊಡೆಯುತ್ತದೆ ಅವಳ ಎದೆ.
ಪೆಲೆಟ್ಟು? ಮೂಟೆ ಫೆರಿಯಲ್ಲಿ ಬರಬೇಕು,
ಬಡಗಾಳಿ ಎದ್ದರೆ ಫೆರಿ ಆಚೆ ದಡದಲ್ಲೇ ಮಲಗುತ್ತದೆ,
ಮೂಟೆಗೆ ಇಲಿ ಬಾಯಿ ಹಾಕಿದರೋ, ಬೆಳಗಾಗುವುದರಲ್ಲಿ ಗಂಜಿ.
ಸೀಮೆಎಣ್ಣೆಯನ್ನು ನಾನೇ ಹೊಡೆದುಹಾಕಿದೆ:
ಕೊಳವೆಯಿಲ್ಲದ ಸ್ಟೌವಿನಲ್ಲಿ ಒಂದು ಲೀಟರು ಸುಟ್ಟರೆ
ಹೆಚ್ಚುಕಡಿಮೆ ಒಂದು ಲೀಟರು ನೀರು, ಹಬೆಯಾಗಿ, ಮನೆಯೊಳಕ್ಕೇ.
"ಅಂದರೆ ನಮ್ಮಮ್ಮ ನಲವತ್ತು ವರ್ಷ
ದುಡ್ಡು ಕೊಟ್ಟು ಮಳೆ ತರಿಸಿದಳು," ಅಂದಳು.

ಆಮೇಲೆ ಮೀಟರು ಕಿತ್ತುಕೊಂಡು
ನನ್ನ ಉಣ್ಣೆ ಅಂಗಿಗೆ ಚುಚ್ಚಿದಳು. ಮೂವತ್ತೊಂದು.
"ನೀನೂ ಉರಿಯುವ ಸ್ಥಿತಿಯಲ್ಲಿಲ್ಲ."

ಅವಳ ತಮ್ಮ ಎಲೆಯುತೇರಿಯೊ, ಬಾಗಿಲು ಹಾಕಿದ ಲಾಡ್ಜಿನಿಂದ
ಬಿಚ್ಚಿದ ಹೀಟ್ ಪಂಪೊಂದನ್ನು ತಂದ. ವಾರ ನೋಡಿ, ಬೇಡವೆಂದರೆ ಒಯ್ಯುತ್ತೇನೆ.
ಕಡಲ ಕಡೆಯ ಗೋಡೆ ಬೇಡ, ಉಪ್ಪುಗಾಳಿ ಯಂತ್ರವನ್ನು ನೆಕ್ಕಿ ಮುಗಿಸುತ್ತದೆ,
ಕೋಳಿಗೂಡಿನ ಮಗ್ಗುಲೇ ಸರಿ ಎಂದ.
ಕೋಳಿಗಳನ್ನು ಯಾರೂ ಕೇಳಲಿಲ್ಲ.
ಮೊದಲ ದಿನ ಒಣಗಿಸುವ ಗುಂಡಿಯನ್ನಷ್ಟೇ ಒತ್ತಿ
ಕೊಳವೆಯ ತುದಿಗೆ ಬಕೆಟ್ಟು ಇಟ್ಟು ಹೋದ.

ಬೆಳಿಗ್ಗೆ ಬಕೆಟ್ಟು ಮುಕ್ಕಾಲು.
ಇಬ್ಬರೂ ಬಗ್ಗಿ ನೋಡಿದೆವು, ಬಾವಿಯೊಳಗೆ ನೋಡುವಂತೆ.
ಆಲೂಗಡ್ಡೆ ಬೇಯಿಸಿದ ಹಬೆ ಇದರಲ್ಲಿತ್ತು,
ಹಗ್ಗದ ಮೇಲೆ ಎಂದೂ ಪೂರ್ತಿ ಒಣಗದ ನನ್ನ ಕಾಲುಚೀಲ,
ಮಾತು, ಗೊರಕೆ, ಜಗಳದ ಉಸಿರು.
ಚೆಲ್ಲುವ ಮನಸ್ಸಾಗದೆ ಸಂಜೆಯವರೆಗೆ ಹಾಗೇ ಇಟ್ಟೆವು.
ನಂತರ ಅವಳು ಅದರಲ್ಲೇ ನೆಲ ಒರೆಸಿದಳು.

ನಾಲ್ಕನೆಯ ದಿನ ಅಡುಗೆಮನೆಯ ಬಾಗಿಲು
ಒಂದು ಬೆರಳಿಗೆ ತೆರೆಯಿತು.
ಇಷ್ಟು ವರ್ಷ ಹೆಗಲು ಕೊಟ್ಟು ನೂಕಿದವನು
ಅದೇ ರಭಸಕ್ಕೆ ಒಳಗೆ ಹೋಗಿ ಬಿದ್ದೆ.
ರಾತ್ರಿ ಗೋಡೆಯ ಹಲಗೆಗಳು ನೆಟಿಗೆ ಮುರಿದವು, ಒಂದೊಂದಾಗಿ,
ನಿದ್ದೆ ಮುಗಿಸಿ ಏಳುವವರ ಹಾಗೆ.
ಸಂದೊಂದು ಬಿಟ್ಟು ಸಣ್ಣ ಗಾಳಿ ಬಂತು.
ಅದನ್ನು ಕ್ಯಾಲೆಂಡರಿನ ಯಾವ ಮನೆಯಲ್ಲಿ ಬರೆಯುವುದು?
ಚಿಂದಿ ತುರುಕಿ ಮಲಗಿದೆ.

ಆರನೆಯ ದಿನ ಪಚ್ಚಿಲೆ ಸಾರು.
ಬಾಲ್ದೋಮೆರೊ ಬಂದು ಕೂತಿದ್ದ, ಟೋಪಿ ಮಡಿಲಲ್ಲಿಟ್ಟು:
ಈ ವರ್ಷ ಸೌದೆ ಇಳಿಸಲೋ ಬೇಡವೋ ಎಂದು
ಕೇಳುವುದು ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದ.
ಎದುವಿನಾ ಉಪ್ಪಿನ ಡಬ್ಬಿ ಬಗ್ಗಿಸಿ
ರೂಢಿಯಂತೆ ತಳಕ್ಕೆ ಮೂರು ಗುದ್ದು ಗುದ್ದಿದಳು.
ಅಕ್ಕಿ ಬೆರೆಸಿದರೂ ಕಲ್ಲಾಗಿ ಕೂರುತ್ತಿದ್ದ ಉಪ್ಪು
ಮರಳಿನ ಹಾಗೆ, ಸದ್ದಿಲ್ಲದೆ, ಒಂದೇ ಸಲಕ್ಕೆ.

ಮೂವರೂ ಬಟ್ಟಲು ಖಾಲಿ ಮಾಡಿದೆವು.
ನೀರಿನ ಹೂಜಿ ಎರಡು ಸಲ ತುಂಬಿ ಬಂತು.
"ಅರ್ಧ ಗಾಡಿ ಇಳಿಸು," ಅಂದಳು ಕೊನೆಗೆ ಅವನಿಗೆ,
"ಕರೆಂಟು ಹೋದ ದಿನಕ್ಕೆ.
ಒಣಗಿದ್ದು ಕೊಡು."